ಮರಳುಗಾಡಿನಲ್ಲೊಂದು ನೀರು ತುಂಬುವ ಹಬ್ಬ

ಈ ಊರಿನಲ್ಲಿ ಬೇಸಿಗೆಯಲ್ಲಿ ಸ್ನಾನ ಮಾಡಬೇಕಾದರೆ ಸ್ವಲ್ಪ ತಲೆ ಓಡಿಸಬೇಕು. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ, ಏಕೆಂದರೆ ಮಾಳಿಗೆಯ ಮೇಲಿನ ಟ್ಯಾಂಕು ಬಿಸಿಲಿಗೆ ಕಾದು ಕುಳಿತಿರುತ್ತದೆ. ಗೀಸರನ್ನು ಆರಿಸಿಟ್ಟರೆ ಅದರ ಹೊಟ್ಟೆಯಲ್ಲಿರುವ ನೀರು ಬಚ್ಚಲಿನ ನೆರಳಿನಲ್ಲಿ ತಣಿದಿರುತ್ತದೆ. ಆದ್ದರಿಂದ ತಣ್ಣೀರು ಬೇಕಾದವರು ಬಿಸಿನೀರಿನ ನಲ್ಲಿಯನ್ನು ತಿರುಗಿಸಬೇಕು. ಕತಾರಿನ ಮದೀನತ್ ಖಲೀಫಾದ ಈ ಮನೆಗೆ ಬಂದ ಮೊದಲ ವಾರ ನಾನು ಚೊಂಬು ಹಿಡಿದುಕೊಂಡು ಎರಡು ನಲ್ಲಿಗಳ ನಡುವೆ ನಿಂತು ಅಳುವುದೊಂದು ಬಾಕಿ. ಮೊಮ್ಮಕ್ಕಳು ನೀವಿಬ್ಬರು ಇಲ್ಲೇ ಹುಟ್ಟಿದವರು. ಲೋಕ ಇರುವುದೇ ಹೀಗೆ ಎಂದು ತಿಳಿದಿದ್ದೀರಿ.

ಸ್ನಾನಕ್ಕೆ ಮೊದಲು ನಾನು ಗೀಸರಿನ ಹೊಟ್ಟೆ ಮುಟ್ಟಿ ಕೈ ಮುಗಿಯುವುದನ್ನು ನಿಮ್ಮಿಬ್ಬರಲ್ಲಿ ತನು ಒಂದು ದಿನ ಬಾಗಿಲ ಸಂದಿಯಿಂದ ನೋಡಿಬಿಟ್ಟ. ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ. ಮೇಲಿನ ಮನೆಯ ಮಲಯಾಳಿ ಹೆಂಗಸು ಲಿಫ್ಟಿನಲ್ಲಿ ನನ್ನನ್ನು ನೋಡಿ, ತಮ್ಮ ಮನೆಯ ಗೀಸರಿಗೂ ಒಮ್ಮೆ ಬಂದು ಕೈ ಮುಗಿದು ಹೋಗಿ, ಅದು ಸರಿಯಾಗಿ ಕಾಯುತ್ತಿಲ್ಲ ಎಂದರು. ನಾನು ನಾಚಿಕೊಂಡು ನಮ್ಮ ಮಹಡಿಯನ್ನೇ ದಾಟಿ ಹೋದೆ.

ಗೀಸರಿಗೆ ಕೈ ಮುಗಿಯುವುದು ನನ್ನ ಹುಚ್ಚಲ್ಲ ಎಂದು ತೋರಿಸಬೇಕಾದರೆ ಹಂಡೆಯ ವಿಷಯ ಹೇಳಬೇಕು. ನಮ್ಮ ಊರು ಕಾಪುವಿನ ಹತ್ತಿರ. ಬಚ್ಚಲಿನ ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ ಇತ್ತು. ಒಲೆಗೆ ಒಣ ಮಡಲು, ತೆಂಗಿನ ಸಿಪ್ಪೆ, ಗೆರಟೆ. ಹೊಗೆಯಿಂದಾಗಿ ಸ್ನಾನ ಮುಗಿಸಿ ಬಂದವರ ಕಣ್ಣು ಕೆಂಪಾಗಿರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಅಳಬೇಕಾದರೆ ಬಚ್ಚಲಿಗೆ ಹೋಗುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಹೋಗಿದ್ದೇನೆ. ಎರಡು ನಿಮಿಷ ಅತ್ತ ಮೇಲೆ ಹೊಗೆಗೆ ಕೆಮ್ಮು ಬಂದು, ಅಳುತ್ತಿದ್ದುದು ಯಾಕೆ ಎಂಬುದೇ ಮರೆತು ಹೋಗುತ್ತಿತ್ತು.

ದೀಪಾವಳಿಯ ಮುಂಚಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹುಣಸೆಹುಳಿ, ಬೂದಿ ಹಾಕಿ ಹಂಡೆಯನ್ನು ತಿಕ್ಕಿ, ಜೇಡಿಮಣ್ಣಿನ ಗೆರೆ ಎಳೆದು, ಬೇಲಿಯ ಬಳ್ಳಿ ತಂದು ಕೊರಳಿಗೆ ಸುತ್ತಿ, ಹೂವು ಮುಡಿಸಿ, ಜಾಗಟೆ ಹೊಡೆಯುತ್ತಾ ಬಾವಿಯ ಹೊಸ ನೀರು ತಂದು ತುಂಬುವುದು. ಆ ರಾತ್ರಿ ಆ ನೀರನ್ನು ಯಾರೂ ಮುಟ್ಟಬಾರದು, ಒಲೆಯನ್ನೂ ಹಚ್ಚಬಾರದು. ಬೆಳಗಿನ ಜಾವ ಎದ್ದು ಬೆಂಕಿ ಹಾಕಿ, ಮನೆಯ ಹಿರಿಯರು ಎಲ್ಲರ ತಲೆಗೆ ಎಣ್ಣೆ ಇಟ್ಟು, ಸೂರ್ಯ ಹುಟ್ಟುವ ಮೊದಲು ಸ್ನಾನ. ವರ್ಷವಿಡೀ ಮಸಿ ಮೆತ್ತಿಕೊಂಡು ಮೂಲೆಯಲ್ಲಿ ಕೂತ ಹಂಡೆಗೆ ಆ ಒಂದು ದಿನ ಮದುಮಗಳ ಮರ್ಯಾದೆ. ನನಗೆ ಹಂಡೆಯ ಮೇಲೆ ಯಾವಾಗಲೂ ಒಂದು ಬಗೆಯ ಬಂಧುತ್ವ ಇತ್ತು.

ನಿಮ್ಮ ಅಜ್ಜ ತೀರಿಹೋಗಿ ನಾನು ಇಲ್ಲಿಗೆ ಬಂದ ವರ್ಷ ನಮಗೆ ಹಬ್ಬ ಇರಲಿಲ್ಲ. ಸೂತಕದ ವರ್ಷದಲ್ಲಿ ಯಾವ ಮನೆಯಲ್ಲೂ ಇರುವುದಿಲ್ಲ. ಆ ವರ್ಷ ಕಳೆದ ಮೇಲೆ ಬರುವ ಮೊದಲ ದೀಪಾವಳಿಯಲ್ಲಿ ಬಿಟ್ಟ ಹಬ್ಬವನ್ನು ಮತ್ತೆ ಹಿಡಿಯಬೇಕು. ಆಗ ಹಿಡಿಯದೆ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮುಂದಿನ ವರ್ಷ ನೋಡುವ, ಅದರ ಮುಂದಿನ ವರ್ಷ ನೋಡುವ ಎಂದು ಹೇಳುತ್ತಾ ಕಡೆಗೆ ಆ ಮನೆಯ ಮಕ್ಕಳಿಗೆ ಹಬ್ಬವೆಂದರೆ ಮೊಬೈಲಿನಲ್ಲಿ ಬರುವ ದೀಪದ ಚಿತ್ರ ಮಾತ್ರ ಆಗುತ್ತದೆ. ನಿಮ್ಮಿಬ್ಬರ ವಿಷಯದಲ್ಲಿ ಹಾಗಾಗುತ್ತದೆ ಎಂಬ ಹೆದರಿಕೆ ನನ್ನ ಎದೆಯೊಳಗೆ ಕೂತಿತ್ತು. ಆದರೆ ಹೇಳಬೇಕಲ್ಲ.

ಹೇಳುವುದು, ಕೇಳುವುದು ನನಗೆ ಬರುವ ವಿದ್ಯೆಯಲ್ಲ. ಏಳನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಕಲಿತೆ. ಅಷ್ಟೂ ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಒಮ್ಮೆಯೂ ಕೈ ಎತ್ತಲಿಲ್ಲ. ಮದುವೆ ಊಟದಲ್ಲಿ ಬಡಿಸುವವರು ನನ್ನ ಎಲೆಯನ್ನು ತಪ್ಪಿಸಿ ಹೋದರೆ, ಕರೆಯಲು ನಾಚಿಕೆಯಾಗಿ, ಪಾಯಸ ಬಡಿಸಿಕೊಂಡವಳ ಹಾಗೆ ಎಲೆಯ ಮೇಲೆ ಬೆರಳು ಆಡಿಸುತ್ತಾ ಕೂರುತ್ತಿದ್ದೆ. ನಿಮ್ಮ ಅಜ್ಜನಿಗೆ ಇದು ಗೊತ್ತಿತ್ತು. ದೂರದ ಪಂಕ್ತಿಯಿಂದಲೇ, "ಅಲ್ಲಿಗೆ ಬರಲಿಲ್ಲ" ಎಂದು ಕೂಗುತ್ತಿದ್ದರು. ಇಡೀ ಚಪ್ಪರ ನನ್ನ ಕಡೆ ತಿರುಗುತ್ತಿತ್ತು. ಅದಕ್ಕಿಂತ ಪಾಯಸ ಇಲ್ಲದಿರುವುದೇ ವಾಸಿ ಅನ್ನಿಸುತ್ತಿತ್ತು.

ಅಂಥ ನಾನು ಸೂತಕ ಕಳೆದ ವರ್ಷ ಅಡುಗೆಮನೆಯಲ್ಲಿ ನಿಮ್ಮ ಅಮ್ಮನ ಬೆನ್ನ ಹಿಂದೆ ನಿಂತು, ಬೆಂಡೆಕಾಯಿ ಹೆಚ್ಚುತ್ತಾ, "ವನಿತಾ, ಈ ಸಲ ನೀರು ತುಂಬುವನಾ" ಎಂದೆ. ಅವಳು ತಿರುಗಿ ನೋಡಿದ್ದು, ಬೆಂಡೆಕಾಯಿ ಮಾತಾಡಿದ ಹಾಗೆ.

"ಅದಕ್ಕೇನು ಮಾಮಿ, ಮಾಡುವ. ಆದ್ರೆ ಇವರು ಆ ವಾರ ಬಂಡಿ ತಗೊಂಡು ಹೋಗ್ಲಿಕ್ಕುಂಟು ಅಂತ ಕುಣೀತಿದ್ದಾರೆ."

ಬಂಡಿ ಎಂದರೆ ನಿಮ್ಮ ಅಪ್ಪನ ಮೋಟರ್‌ಹೋಮ್. ವೆಸ್ಟ್ ಬೇಯ ಅವನ ಆಫೀಸಿನಲ್ಲಿದ್ದ ಒಬ್ಬ ಜರ್ಮನಿಯವ ಊರಿಗೆ ಮರಳುವಾಗ ಇವನ ತಲೆಗೆ ಕಟ್ಟಿ ಹೋಗಿದ್ದ. ಒಳಗೆ ಮಂಚ, ಒಲೆ, ಬೀರು, ಬಚ್ಚಲು ಎಲ್ಲ ಇದೆ. ಒಂದರ ಬಾಗಿಲು ತೆರೆಯಬೇಕಾದರೆ ಇನ್ನೊಂದರಲ್ಲಿದ್ದವರು ಏಳಬೇಕು, ಅಷ್ಟೇ. ನಿಮ್ಮ ಅಮ್ಮನಿಗೆ ಅದರ ಮುಖ ಕಂಡರೆ ಆಗುತ್ತಿರಲಿಲ್ಲ.

"ಅದರಲ್ಲಿ ಬಿಸಿನೀರಿನ ಹೀಟರ್ ಉಂಟು ಅಮ್ಮ. ಹಂಡೆಗಿಂತ ಒಳ್ಳೇದು," ಎಂದ ನಿಮ್ಮ ಅಪ್ಪ ಪ್ರಕಾಶ. "ಸಮುದ್ರದ ಬದಿಯಲ್ಲಿ ದೀಪಾವಳಿ. ಬೆಳಗ್ಗೆ ಎದ್ದು ಸ್ವಿಚ್ ಹಾಕಿದ್ರೆ ಮುಗೀತು."

ಹೀಗೆ ಹಬ್ಬ ಮರಳುಗಾಡಿಗೆ ಹೊರಟಿತು. ಕ್ಯಾಂಪ್ ಹಾಕುವ ಕಾಲ ಆಗಷ್ಟೇ ಶುರುವಾಗಿತ್ತು. ದಾರಿಯ ಪೆಟ್ರೋಲ್ ಪಂಪಿನಲ್ಲಿ ಬಂಡಿಯ ಟ್ಯಾಂಕಿಗೆ ನೀರು ಹಾಕಿಸಿ, ಐಸಿನ ಚೀಲಗಳನ್ನು ತೆಗೆದುಕೊಂಡೆವು. ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆ, ಬಾಳೆಲೆಯ ಕಟ್ಟಿನಲ್ಲಿ, ನನ್ನ ಮಡಿಲಲ್ಲಿ. ಸೀಲೈನ್ ಕಡಲತೀರದ ಮರಳುದಿಬ್ಬಗಳ ಬುಡದಲ್ಲಿ ಬಂಡಿ ನಿಂತಿತು. ಆಚೆಗೆ ಕೂಗಳತೆಯಲ್ಲಿ ಒಂದು ಕತಾರಿ ಕುಟುಂಬದ ದೊಡ್ಡ ಡೇರೆ, ಅದರ ಹಿಂದೆ ನೀರಿನ ಟ್ಯಾಂಕರು. ಆ ಮನೆಯ ಹುಡುಗ ಖಾಲಿದ್ ಬಂದು, ಏನಾದರೂ ಬೇಕಾದರೆ ಹೇಳಿ ಎಂದ. ನಿಮ್ಮ ಅಪ್ಪ ಬಂಡಿಯ ಬಾಗಿಲನ್ನು ಪೂರ್ತಿ ತೆರೆದು ತೋರಿಸಿ, "ಮಾಫಿ ಮುಷ್ಕಿಲ್, ತೊಂದರೆ ಎಂತದ್ದೂ ಇಲ್ಲ, ಎಲ್ಲ ಉಂಟು" ಎಂದು ಅರ್ಧ ಅರಬ್ಬಿಯಲ್ಲಿ, ಅರ್ಧ ನಮ್ಮದರಲ್ಲಿ ಹೇಳಿ ಕಳಿಸಿದ. ನಮಗೆ ಜೊತೆ ಕೊಡಲು ಅವನ ಗೆಳೆಯ, ಬಂಟ್ವಾಳದ ಹಮೀದ್, ತನ್ನ ಪಿಕಪ್ಪಿನಲ್ಲಿ ಅಕ್ಕಿ, ಬೆಲ್ಲದ ಕಲ್ತಪ್ಪದ ಡಬ್ಬಿ ಹಿಡಿದು ಬಂದಿದ್ದ. ಹಮೀದನಿಗೆ ಗಾಡಿಯ ಬಿಡಿಭಾಗಗಳ ಅಂಗಡಿ ಇದೆ. ಆದ್ದರಿಂದ ಯಾವ ಯಂತ್ರದ ಬಗ್ಗೆಯೂ ಅವನಿಗೆ ಅನುಮಾನವೆಂಬುದಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಪ್ರಕಾಶ ಒಂದು ಸೀಟನ್ನು ಎತ್ತಿ, ಅದರ ಅಡಿಯ ಗೂಡನ್ನು ತೋರಿಸಿ, "ಅಮ್ಮ, ಇದೇ ನಮ್ಮ ಹಂಡೆ" ಎಂದ.

ನನಗೆ ಬೇಸರವಾಯಿತು. ಬೆಳ್ಳಿ ಬಣ್ಣದ ಒಂದು ಪೆಟ್ಟಿಗೆ. ಬಾಯಿಲ್ಲ, ಕೊರಳಿಲ್ಲ, ಹೊಟ್ಟೆಯೂ ಇಲ್ಲ. ಎಲ್ಲಿಗೆ ಬಳ್ಳಿ ಸುತ್ತುವುದು, ಎಲ್ಲಿಗೆ ಹೂವು ಮುಡಿಸುವುದು? ನಾನು ಮುಡಿಸಬಹುದೇ ಎಂಬ ಅಳುಕೂ ಇತ್ತು, ನಿಮ್ಮ ಅಜ್ಜನನ್ನು ಕಳೆದುಕೊಂಡವಳಲ್ಲವೇ. ವನಿತಾ ಹೂವಿನ ಕಟ್ಟನ್ನು ನನ್ನ ಕೈಗೇ ತುರುಕಿ, "ನೀವು ಮಾಡದೆ ಯಾರು ಮಾಡುದು ಮಾಮಿ, ನನಗೆಂತ ಗೊತ್ತುಂಟು" ಎಂದಳು. ಅಕ್ಕಿಹಿಟ್ಟಿನಲ್ಲಿ ನಾಲ್ಕು ಗೆರೆ ಎಳೆದೆ. ಕುಂಕುಮ ಇಟ್ಟೆ. ನೋಡುತ್ತಾ ಹೋದಾಗ ಪೆಟ್ಟಿಗೆಯ ಬದಿಯಲ್ಲಿ, ಪೈಪು ಸೇರುವಲ್ಲಿ, ಬೆರಳಿನ ತುದಿಯಷ್ಟು ಹೊರಚಾಚಿದ ಒಂದು ಹಳದಿ ಒತ್ತುಗುಂಡಿ ಕಂಡಿತು. ಇಡೀ ಪೆಟ್ಟಿಗೆಯಲ್ಲಿ ಹೂವು ನಿಲ್ಲುವಂಥ ಜಾಗ ಅದೊಂದೇ. ಅದಕ್ಕೇ ಮಲ್ಲಿಗೆಯ ಮಾಲೆ ಸುತ್ತಿದೆ. ಮೂಗುತಿ ಇಟ್ಟ ಹಾಗೆ ಚಂದ ಕಂಡಿತು.

"ಹೂವು ನಾಳೆಗೆ ಬಾಡ್ತದೆ ಮಾಮಿ," ಎಂದು ವನಿತಾ ಒಂದು ಐಸಿನ ಚೀಲ ಕೊಟ್ಟಳು. ಅದನ್ನೂ ಹೂವಿಗೆ ಒತ್ತಿ ಕೂರಿಸಿದೆ. ಆದ್ಯಾ ಸ್ಟೀಲಿನ ತಟ್ಟೆ, ಚಮಚ ಹಿಡಿದು ಜಾಗಟೆ ಬಾರಿಸಿದಳು. ಪ್ರಕಾಶ ಪಂಪು ಹಾಕಿ ಹೀಟರಿಗೆ ನೀರು ತುಂಬಿಸಿದ. ಈಗಲೇ ಕಾಯಿಸಿಡುತ್ತೇನೆ ಎಂದವನನ್ನು ನಾನು ತಡೆದೆ. ಬೆಳಗಿನವರೆಗೆ ಬೆಂಕಿ ಕೂಡದು. ಸೀಟು ಮುಚ್ಚಿ, ಎಲ್ಲರೂ ಹೊರಗೆ ಚಾಪೆ ಹಾಸಿ ಕಲ್ತಪ್ಪ ತಿನ್ನತೊಡಗಿದೆವು.

ಸ್ವಲ್ಪ ಹೊತ್ತಿಗೆ ತನು ಓಡಿ ಬಂದ. "ಅಪ್ಪಾ, ಬಂಡಿ ಸುಸು ಮಾಡ್ತಾ ಉಂಟು."

ಹೌದು. ಬಂಡಿಯ ಹೊಟ್ಟೆಯ ಕೆಳಗಿನಿಂದ ನೀರು ಸುರಿದು ಮರಳಿನಲ್ಲಿ ಇಂಗುತ್ತಿತ್ತು.

ಪ್ರಕಾಶ ಸೀಟು ಎತ್ತಿದ. ಹೂವು, ಐಸು ಎಲ್ಲವನ್ನೂ ತೆಗೆದು ನನ್ನ ಕೈಗೆ ಕೊಟ್ಟ. ಹಳದಿ ಗುಂಡಿ ಹೊರಕ್ಕೆ ಚಿಮ್ಮಿ ನಿಂತಿತ್ತು. ಅವನು ಒತ್ತಿದ, ಅದು ಚಿಮ್ಮಿತು. ಮತ್ತೆ ಒತ್ತಿದ, ಮತ್ತೆ ಚಿಮ್ಮಿತು. ಮೊಬೈಲಿನಲ್ಲಿ ವಿಡಿಯೋ ಹಾಕಿ ನೋಡಿ, ನಗುತ್ತಾ ಹೊರಗೆ ಬಂದ.

"ಹಮೀದ್, ಇದು ಎಂತ ಗೊತ್ತುಂಟಾ? ಹಿಮದಿಂದ ಕಾಪಾಡುವ ವಾಲ್ವ್ ಅಂತೆ. ಜರ್ಮನಿಯ ಚಳಿಗೆ ನೀರು ಗಟ್ಟಿಯಾದ್ರೆ ಹೀಟರ್ ಒಡೀತದೆ. ಅದಕ್ಕೆ ತುಂಬಾ ತಣ್ಣಗಾದ ಕೂಡ್ಲೆ ತಾನಾಗಿ ಬಾಯಿ ಬಿಟ್ಟು ನೀರು ಚೆಲ್ತದೆ."

"ಇಲ್ಲಿ ಎಲ್ಲಿಂದ ಪ್ರಕಾಶಣ್ಣ ಹಿಮ?" ಹಮೀದ್ ಅಂಗಿಯ ಕಾಲರಿನಿಂದ ಬೆವರು ಒರೆಸಿದ. "ಸ್ಪ್ರಿಂಗ್ ಹೋಗಿದೆ. ಖಲಾಸ್. ಬೇರೆ ಹಾಕ್ಬೇಕು."

"ಸ್ಪ್ರಿಂಗ್ ಅಲ್ಲ, ಪ್ರೆಷರ್."

"ಪ್ರೆಷರ್ ಇದಕ್ಕಲ್ಲ, ನನಗೆ," ಎಂದಳು ವನಿತಾ. "ಇದನ್ನು ಮಾರಿಬಿಡಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು."

ಸ್ಪ್ರಿಂಗೋ ಪ್ರೆಷರೋ ಎಂದು ಇಬ್ಬರೂ ಗಂಟಲು ಏರಿಸುತ್ತಿದ್ದಷ್ಟು ಹೊತ್ತು ಗೂಡು ತೆರೆದೇ ಇತ್ತು. ಆಮೇಲೆ ಪ್ರಕಾಶ ಹೋಗಿ ಗುಂಡಿ ಒತ್ತಿದರೆ, ಅದು ಸಭ್ಯವಾಗಿ ಒಳಗೆ ಕೂತಿತು. ಪಂಪು ಹಾಕಿದ. ಒಂದು ಹನಿಯೂ ಸೋರಲಿಲ್ಲ. "ನೋಡಿದ್ಯಾ, ಪ್ರೆಷರ್," ಎಂದ. ನಾನು ನೆಮ್ಮದಿಯಿಂದ ಗುಂಡಿಗೆ ಹೂವು ಸುತ್ತಿ, ಐಸು ಒತ್ತಿ ಇಟ್ಟು, ಸೀಟು ಮುಚ್ಚಿ ಬಂದೆ.

ಮತ್ತೆ ಸುಸು.

ಈ ಸಲ ಹಮೀದ್ ಒಳಗೆ ನುಗ್ಗಿದ. ಹೂವು, ಐಸು ಮತ್ತೆ ನನ್ನ ಕೈಗೆ ಬಂತು. ಅವನು ಗುಂಡಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದ, ಅದು ಹಾರಿ ವನಿತಾಳ ಚಹಾದ ಲೋಟಕ್ಕೆ ಬಿತ್ತು. ಹಗ್ಗ ಕಟ್ಟಿದ. ಟಾರ್ಚಿನ ಬೆಳಕು ಬಿಟ್ಟು ತುಂಬಾ ಹೊತ್ತು ಅದನ್ನು ಮುಖಕ್ಕೆ ಮುಖ ಕೊಟ್ಟು ನೋಡಿದ. ಕಡೆಗೆ ಪೆಟ್ಟಿಗೆಯ ಬೆನ್ನಿಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟ. ಗುಂಡಿ ಒತ್ತಿದರೆ, ನಿಂತಿತು.

ನನಗೆ ನಗು ಬಂತು, ಯಾಕೆಂದರೆ ಅದು ನಿಮ್ಮ ಅಜ್ಜನ ವಿದ್ಯೆ. ಅವರು ಸೊಸೈಟಿಯಲ್ಲಿ ಅಕ್ಕಿ ತೂಗುತ್ತಿದ್ದವರು, ಆದರೆ ಊರಿನ ಎಲ್ಲ ಯಂತ್ರಗಳಿಗೂ ಅವರ ಬಳಿ ಒಂದೇ ಮದ್ದು ಇತ್ತು. ರೇಡಿಯೋ ಗೊರಗೊರ ಎಂದರೆ ಪೆಟ್ಟು, ಟಾರ್ಚು ಉರಿಯದಿದ್ದರೆ ಪೆಟ್ಟು. ಒಮ್ಮೆ ಪೋಸ್ಟ್ ಮಾಸ್ತರರ ಸ್ಕೂಟರಿಗೆ ಹೊಡೆದು, ಅದು ಹೊರಟೇಬಿಟ್ಟು, ಆಮೇಲೆ ಮೂರು ಊರಿನ ಸ್ಕೂಟರುಗಳು ಪೆಟ್ಟು ತಿನ್ನಲು ನಮ್ಮ ಅಂಗಳಕ್ಕೆ ಬರುತ್ತಿದ್ದವು. ಅವರು ಕೈಯಿಟ್ಟದ್ದರಲ್ಲಿ ಏಳದೇ ಹೋದದ್ದು ನಮ್ಮ ಬೀಸುವ ಕಲ್ಲು ಮಾತ್ರ, ಅದಕ್ಕೆ ಹೊಡೆದು ಅವರ ಕೈಯೇ ಊದಿಕೊಂಡಿತು.

"ಸ್ಪ್ರಿಂಗ್ ಸೆಟ್ ಆಯ್ತು. ಇನ್ನು ಹತ್ತು ವರ್ಷ ನೋಡೋದು ಬೇಡ," ಎಂದು ಹಮೀದ್ ಕೈ ಒರೆಸಿಕೊಂಡ.

ನಾನು ಹೂವು ಸುತ್ತಿದೆ. ಈ ಸಲ ಹೊಸ ಐಸಿನ ಚೀಲವನ್ನೇ ಇಟ್ಟೆ, ಹಳೆಯದು ಕರಗಿತ್ತು.

ಹಮೀದ್ ಹೇಳಿದ ಹತ್ತು ವರ್ಷ ಅವನ ಚಹಾ ಆರುವ ಮೊದಲೇ ಮುಗಿದುಹೋಯಿತು. ಪಂಪನ್ನು ಯಾರೂ ಆರಿಸಿರಲಿಲ್ಲ. ಹೀಟರು ಚೆಲ್ಲುತ್ತಾ ಹೋಯಿತು, ಪಂಪು ತುಂಬುತ್ತಾ ಹೋಯಿತು. ನಲ್ಲಿ ತಿರುಗಿಸಿದರೆ ಒಂದು ಕೆಮ್ಮು ಬಂತು, ನೀರು ಬರಲಿಲ್ಲ. ಬಂಡಿಯ ಟ್ಯಾಂಕು ಪೂರ್ತಿ ಬರಿದಾಗಿತ್ತು.

ಗಂಡಸರಿಬ್ಬರೂ ಗೂಡನ್ನು ನೋಡುತ್ತಾ ನಿಂತಾಗ, ಆದ್ಯಾ ಕಲ್ತಪ್ಪ ಜಗಿಯುತ್ತಾ ಹೇಳಿದಳು: "ಅಪ್ಪಾ, ಅಜ್ಜಿ ಫ್ಲವರ್ ತೆಗೆದ್ರೆ ಓಕೆ ಆಗ್ತದೆ. ಇಟ್ರೆ ಲೀಕ್ ಆಗ್ತದೆ. ಐಸ್ ಇದ್ದದ್ದಕ್ಕೆ ಅದು ವಿಂಟರ್ ಬಂತು ಅಂತ ಥಿಂಕ್ ಮಾಡ್ತದೆ."

ಪ್ರಕಾಶ ಐಸಿನ ಚೀಲ ತೆಗೆದು, ಗುಂಡಿಯನ್ನು ಬೆರಳಿನಿಂದ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಹಮೀದ್ ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದು ನಗತೊಡಗಿದ. "ಅಮ್ಮಾ, ಜರ್ಮನಿಯವರು ಎಲ್ಲ ಯೋಚನೆ ಮಾಡಿದ್ದಾರೆ. ಮಲ್ಲಿಗೆ ಮುಡಿಸ್ತಾರೆ ಅಂತ ಮಾತ್ರ ಯೋಚನೆ ಮಾಡ್ಲಿಲ್ಲ ನೋಡಿ." ವನಿತಾಳೂ ನಕ್ಕಳು. ಐಸು ಕೊಟ್ಟದ್ದು ತಾನೇ ಎಂದು ನೆನಪಾಗಿ ಇನ್ನೂ ಜೋರಾಗಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಹಬ್ಬದ ಹಂಡೆ ಬರಿದಾಗಿ ಕೂತಿತ್ತು.

"ಹೋಗ್ಲಿ ಅಮ್ಮ. ಮನೆಗೆ ಹೋಗುವ," ಎಂದ ಪ್ರಕಾಶ. "ನಾಳೆ ಗೀಸರಲ್ಲೇ ಸ್ನಾನ ಮಾಡಿದ್ರಾಯ್ತು. ಮಕ್ಕಳು ಎದ್ದಾಗ ಎದ್ರು. ಇದೆಲ್ಲ ಮುಂದಿನ ವರ್ಷ ಸರಿಯಾಗಿ ಮಾಡುವ."

ಮುಂದಿನ ವರ್ಷ. ನಾನು ಹೆದರುತ್ತಿದ್ದ ಮಾತು ಅದೇ.

"ಇಲ್ಲ," ಎಂದೆ. ನನ್ನ ಸ್ವರ ನನಗೇ ಪರಿಚಯವಾಗಲಿಲ್ಲ. "ನೀರು ಇವತ್ತೇ ತುಂಬಬೇಕು."

"ಎಲ್ಲಿಂದಮ್ಮ?"

ನಾನು ಆಚೆಯ ಡೇರೆಯ ಕಡೆ ನೋಡಿದೆ. ಅವನು ನೆಲ ನೋಡಿದ. ಎಲ್ಲ ಉಂಟು ಎಂದು ಬಾಗಿಲು ತೆರೆದು ತೋರಿಸಿದವನು ಈಗ ಹೇಗೆ ಹೋಗುತ್ತಾನೆ? ಹಮೀದ್, "ನಾನು ಹೋಗ್ತೇನೆ ಅಮ್ಮ" ಎಂದು ಎದ್ದ. ಆದರೆ ಹಬ್ಬದ ನೀರು ಮನೆಯ ಹೆಂಗಸು ಸೊಂಟದ ಮೇಲೆ ತರುವಂಥದು. ಊರಿನಿಂದ ತಂದಿದ್ದ ಕೊಡಪಾನ ತೆಗೆದುಕೊಂಡೆ. ಆದ್ಯಾಳ ಕೈ ಹಿಡಿದೆ. ಅವಳಿಗೆ ದಾರಿ ತೋರಿಸಲೆಂದು ಹಿಡಿದೆ ಎಂದು ಎಲ್ಲರೂ ತಿಳಿದರು. ನಿಜ ಏನೆಂದರೆ, ಒಬ್ಬಳೇ ಹೋಗಲು ನನಗೆ ಧೈರ್ಯ ಇರಲಿಲ್ಲ.

ಡೇರೆಯ ಎದುರು ಬೆಂಕಿಯ ಬಳಿ ನನಗಿಂತ ಎಷ್ಟೋ ಹಿರಿಯಳಾದ ಒಬ್ಬ ಹೆಂಗಸು ಕೂತು ಕಾಫಿ ಕುಡಿಯುತ್ತಿದ್ದಳು. ಖಾಲಿದನ ಅಜ್ಜಿ. ನಾನು ಅವಳ ಎದುರು ನಿಂತು, ಕೊಡಪಾನವನ್ನು ಮಗುಚಿ, ಬರಿದಾಗಿರುವುದನ್ನು ತೋರಿಸಿದೆ. ಆದ್ಯಾ ಶಾಲೆಯ ಅರಬ್ಬಿಯಲ್ಲಿ ಏನೋ ಹೇಳತೊಡಗಿ, ನಡುವೆ ಇಂಗ್ಲಿಷಿಗೆ ಜಾರಿ, ಕಡೆಗೆ ತಲೆಗೆ ಎಣ್ಣೆ ಹಚ್ಚಿ ನೀರು ಸುರಿದುಕೊಳ್ಳುವ ಅಭಿನಯ ಮಾಡಿದಳು. ಆ ಅಜ್ಜಿ ಗಂಭೀರವಾಗಿ ಎಲ್ಲವನ್ನೂ ನೋಡಿದಳು. ಆಮೇಲೆ ಡೇರೆಯ ಕಡೆ ತಿರುಗಿ, "ಖಾಲಿದ್, ಯಲ್ಲಾ" ಎಂದು ಕೂಗಿದಳು ನೋಡಿ, ನಮ್ಮೂರಿನ ಪಂಕ್ತಿಯ ಕೂಗು ನೆನಪಾಯಿತು. ಡೇರೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಈ ಸಲ ನಾನು ಬೆರಳು ಆಡಿಸುತ್ತಾ ಕೂರಲಿಲ್ಲ. ಕೊಡಪಾನ ಮುಂದೆ ಹಿಡಿದೆ.

ಮೊದಲ ಕೊಡ ನನ್ನ ಸೊಂಟದ ಮೇಲೆ ಬಂತು. ಮಿಕ್ಕ ನೀರನ್ನು ಖಾಲಿದ್ ಟ್ಯಾಂಕರನ್ನೇ ನಮ್ಮ ಬಂಡಿಯ ಹತ್ತಿರ ತಂದು, ಪೈಪಿನಲ್ಲಿ ತುಂಬಿಸಿದ. ನಿಮ್ಮ ಅಪ್ಪ ಅವನ ಮುಖ ನೋಡದೆ ಪೈಪು ಹಿಡಿದುಕೊಂಡು ನಿಂತಿದ್ದ. ಹಳದಿ ಗುಂಡಿ ಬೆಚ್ಚಗಾಗಿ, ಒತ್ತಿದ ಕೂಡಲೇ ಒಳಗೆ ಕೂತಿತು. ಹೂವನ್ನು ವನಿತಾಳ ಜಡೆಗೆ ಮುಡಿಸಿದೆ. ತಟ್ಟೆ ಬಾರಿಸಲು ಹಮೀದನೇ ಮುಂದೆ ಬಂದ. ಅದಕ್ಕೂ ಅವನದು ಬಹಳ ಬಲವಾದ ಪೆಟ್ಟು.

ಬೆಳಗಿನ ಜಾವ ಪ್ರಕಾಶ ಹೀಟರಿನ ಸ್ವಿಚ್ ಹಾಕಿ, ಅದು ಗುಂಯ್ಗುಟ್ಟುವುದನ್ನು ಕೇಳುತ್ತಾ ಅದರ ಎದುರೇ ಕುಕ್ಕುರುಗಾಲಿನಲ್ಲಿ ಕೂತಿದ್ದ, ಒಲೆಯ ಮುಂದೆ ಕೂತ ಹಾಗೆ. ಮೊದಲು ಅವನ ತಲೆಗೇ ಎಣ್ಣೆ ಇಟ್ಟೆ. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಸುಳಿ ಮಾತ್ರ ಅವನ ಅಪ್ಪನದೇ. ಅವನು ಕಣ್ಣು ಮುಚ್ಚಿಕೊಂಡು, "ಸ್ವಲ್ಪ ಗಟ್ಟಿಯಾಗಿ ತಿಕ್ಕು ಅಮ್ಮ" ಎಂದ. ಆಮೇಲೆ ವನಿತಾ. ಆಮೇಲೆ ನೀವಿಬ್ಬರು, ಕಣ್ಣಿಗೆ ಎಣ್ಣೆ ಹೋಯಿತೆಂದು ಒಬ್ಬ ಓಡಿದ್ದು, ಜಿಡ್ಡುಜಿಡ್ಡಾಗಿದೆ ಎಂದು ಇನ್ನೊಬ್ಬಳು ಮುಖ ಕಿವುಚಿದ್ದು, ಹಿಡಿದು ತಂದು ಕೂರಿಸಿದ್ದು. ಒಬ್ಬೊಬ್ಬರಾಗಿ ಬಂಡಿಯ ಆ ಇಕ್ಕಟ್ಟಿನ ಬಚ್ಚಲಿಗೆ ಹೋಗಿ ಮೊಣಕೈ ತಾಗಿಸಿಕೊಂಡು ಸ್ನಾನ ಮಾಡಿ ಬಂದಿರಿ.

ಕಡೆಗೆ ನಾನೊಬ್ಬಳೇ ಎಣ್ಣೆಯ ಬಟ್ಟಲು ಹಿಡಿದು ಮೆಟ್ಟಿಲಲ್ಲಿ ಉಳಿದೆ. ಅಷ್ಟು ವರ್ಷ ನನ್ನ ತಲೆಗೆ ಎಣ್ಣೆ ಇಟ್ಟದ್ದು ನನ್ನ ಅತ್ತೆ, ಅವರ ನಂತರ ನಿಮ್ಮ ಅಜ್ಜ. ಇನ್ನು ನಾನೇ ಹಿರಿಯಳು. ಹಿರಿಯಳ ತಲೆಗೆ ಎಣ್ಣೆ ಇಡುವವರು ಯಾರು ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಖಾಲಿದನ ಅಜ್ಜಿ ಬೆಳಗಿನ ನಮಾಜು ಮುಗಿಸಿ, ಕಾಫಿಯ ಪಾತ್ರೆ ಹಿಡಿದು, ನೀರು ಸಾಕಾಯಿತೇ ಎಂದು ನೋಡಲು ಮರಳಿನಲ್ಲಿ ನಿಧಾನವಾಗಿ ನಡೆದು ಬಂದಳು. ಸ್ನಾನ ಮುಗಿದರೂ ಎಣ್ಣೆ ಹೊಳೆಯುವ ನಿಮ್ಮ ತಲೆಗಳನ್ನು ನೋಡಿದಳು. ನನ್ನ ಒಣ ತಲೆ ನೋಡಿದಳು. ಬಟ್ಟಲು ನೋಡಿದಳು. ಏನೂ ಕೇಳದೆ ಕಾಫಿಯ ಪಾತ್ರೆ ಕೆಳಗಿಟ್ಟು, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, ಅಷ್ಟನ್ನೂ ನನ್ನ ನೆತ್ತಿಗೆ ಸುರಿದು, ನನ್ನ ತಲೆಯನ್ನು ತನ್ನ ಮೊಣಕಾಲಿಗೆ ಒತ್ತಿಕೊಂಡು ತಿಕ್ಕತೊಡಗಿದಳು. ಅಬ್ಬಾ, ಅದೆಂಥ ಕೈ. ನಡುನಡುವೆ ಅರಬ್ಬಿಯಲ್ಲಿ ಬೈಗುಳ ಬೇರೆ. ಆದ್ಯಾ ಕೇಳಿಸಿಕೊಂಡು ಹೇಳಿದಳು, "ಅಜ್ಜಿ, ನೀವು ಕೂದಲನ್ನು ನೋಡಿಕೊಳ್ಳುದೇ ಇಲ್ಲ ಅಂತೆ."

ಬಚ್ಚಲಿಗೆ ಹೋದೆ. ಸಣ್ಣ ಹೀಟರು, ನಾಲ್ಕು ಜನ ಸ್ನಾನ ಮಾಡಿ ಹೋಗಿದ್ದರು. ನಲ್ಲಿ ತಿರುಗಿಸಿದೆ. ಉಗುರುಬೆಚ್ಚಗೂ ಅಲ್ಲ, ತಣ್ಣಗೆ ಬಂತು. ಹೊರಗೆ ಬಾಗಿಲಿನ ಹತ್ತಿರವೇ ನಿಮ್ಮ ಅಪ್ಪ ನಿಂತಿದ್ದ.

"ಅಮ್ಮ, ನೀರು ಬಿಸಿ ಉಂಟಾ?"

"ಸುಡ್ತದೆ ಮಾರಾಯ," ಎಂದು ಹೇಳಿ, ಉಸಿರು ಬಿಗಿಹಿಡಿದು, ತಲೆಯ ಮೇಲೆ ಸುರಿದುಕೊಂಡೆ.